ಕಣ್ತುಂಬ ಹೂವು

ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಬೇಲೂರು ದಾಟಿ ಬಿಕ್ಕೋಡಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ಕುಮಾರಸ್ವಾಮಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ನೆಂಟರಷ್ಟು ಪರಿಚಯ. ಆದರೆ ರಸ್ತೆಯ ಪಕ್ಕದಲ್ಲಿ ಏನಿದೆ ಎಂದು ಕೇಳಿದರೆ ತಬ್ಬಿಬ್ಬಾಗುತ್ತಿದ್ದ. ಸ್ಟೇರಿಂಗ್ ಹಿಡಿದವನು ಪಕ್ಕಕ್ಕೆ ನೋಡಬಾರದು ಎಂಬುದು ಅವನಿಗೆ ಬಸ್ಸು ಕಲಿಸಿದವರು ಕೊಟ್ಟ ಒಂದೇ ಉಪದೇಶ. ಅದನ್ನು ಇಪ್ಪತ್ತು ವರ್ಷದಿಂದ ವ್ರತದಂತೆ ನಡೆಸಿಕೊಂಡು ಬಂದಿದ್ದ. ಹಳೇಬೀಡಿನ ದೇವಸ್ಥಾನ ಅವನ ಪಾಲಿಗೆ ಒಂದು ಸ್ಟಾಪು, ದ್ವಾರಸಮುದ್ರದ ಕೆರೆ ಒಂದು ತಿರುವು, ಯಗಚಿ ಹೊಳೆ ಒಂದು ಸೇತುವೆ. ಪ್ರಯಾಣಿಕರು ಕತ್ತು ಹೊರಗೆ ಹಾಕಿ ಏನನ್ನೋ ನೋಡಿ ಆಹಾ ಅನ್ನುತ್ತಿದ್ದರು. ಕುಮಾರಸ್ವಾಮಿ ಗೇರು ಬದಲಿಸುತ್ತಿದ್ದ.

ಈ ಸಲ ಯುಗಾದಿಗೆ ಇನ್ನೂ ಎರಡು ಮೂರು ವಾರ ಇರುವಾಗ ಒಂದು ಒಳ್ಳೆಯ ಮಳೆ ಬಿತ್ತು. ಕಾಫಿ ತೋಟದವರು ಕಾದು ಕೂತಿರುವ ಮಳೆ. ಅದಕ್ಕೆ ಅವರು ಹೂಮಳೆ ಅನ್ನುತ್ತಾರೆ. ಅದು ಬಿದ್ದು ವಾರ ಕಳೆದರೆ ತೋಟದ ಗಿಡಗಳೆಲ್ಲ ಮೊದಲೇ ಮಾತಾಡಿಕೊಂಡವರ ಹಾಗೆ ಒಂದೇ ಬೆಳಗ್ಗೆ ಬೆಳ್ಳಗಾಗುತ್ತವೆ. ಆ ಬೆಳಗ್ಗೆ ಬಿಕ್ಕೋಡಿನ ಹತ್ತಿರ ಬಸ್ಸು ತಿರುಗುತ್ತಿದ್ದಾಗ ಕಿಟಕಿಯಿಂದ ಒಂದು ಪರಿಮಳ ನುಗ್ಗಿ ಬಂತು. ಮಲ್ಲಿಗೆಯದೇ ಜಾತಿ, ಆದರೆ ಮಲ್ಲಿಗೆಗಿಂತ ಸ್ವಲ್ಪ ನಿದ್ದೆಗಣ್ಣಿನದು.

ಮುಂದಿನ ಸೀಟಿನಲ್ಲಿ ಕೂತಿದ್ದ ಮೈಸೂರಿನ ಕಡೆಯ ಹೆಂಗಸೊಬ್ಬರು ಕೇಳಿದರು.

"ದಿನಾ ಇದೇ ದಾರೀಲಿ ಓಡಾಡ್ತೀರಲ್ಲ, ಪುಣ್ಯ ಮಾಡಿದ್ದೀರಿ. ತೋಟದೊಳಗೆ ಹೋಗಿ ನೋಡಿದ್ದೀರಾ?"

"ನೋಡದೆ ಇರ್ತೀನಾ ಅಮ್ಮಾ. ಪ್ರತಿ ವರ್ಷ ಹೋಗಿ ಗಿಡದ ಕೆಳಗೇ ಕೂತ್ಕೋತೀನಿ. ನಮ್ಮನೆಯವರಿಗಂತೂ ಆ ಹೂವು ಅಂದ್ರೆ ಪ್ರಾಣ."

"ಹೌದಾ. ಎಷ್ಟು ಎಸಳು ಇರುತ್ತೆ ಅದಕ್ಕೆ?"

ಕುಮಾರಸ್ವಾಮಿ ರಸ್ತೆ ನೋಡಿದ. ರಸ್ತೆ ಸಹಾಯಕ್ಕೆ ಬರಲಿಲ್ಲ.

"ಅದು ಒಂದೊಂದು ವರ್ಷ ಒಂದೊಂದು ತರ ಅಮ್ಮಾ."

ಆ ಹೆಂಗಸು ಒಳ್ಳೆಯವರು, ಮುಂದೆ ಏನೂ ಕೇಳಲಿಲ್ಲ. ಆದರೆ ಕುಮಾರಸ್ವಾಮಿಯ ಕಿವಿ ಬಿಸಿಯಾಯಿತು. ಪುಷ್ಪಲತಾ ಎಂಬ ಹೆಸರಿನ ಹೆಂಡತಿಯನ್ನು ಕಟ್ಟಿಕೊಂಡು, ವರ್ಷವರ್ಷವೂ ಹೂವಿನ ನಡುವೆ ಬಸ್ಸು ಓಡಿಸಿಕೊಂಡು, ಒಂದು ಹೂವಿನ ಎಸಳು ಗೊತ್ತಿಲ್ಲದೆ ಬದುಕಿದ್ದೇನೆ ಎಂಬುದು ಅವನನ್ನು ವಾಪಸು ಬರುವ ದಾರಿಯುದ್ದಕ್ಕೂ ಕೊರೆಯಿತು. ತೋಟದಲ್ಲಿ ಲೆಕ್ಕ ಬರೆಯುವ ಪ್ರಯಾಣಿಕನೊಬ್ಬ ಹೂವು ಇನ್ನು ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿ ಹೋಗುತ್ತೆ ಅಂದ. ಜಾವಗಲ್ ಬರುವ ಹೊತ್ತಿಗೆ ಕುಮಾರಸ್ವಾಮಿ ತೀರ್ಮಾನ ಮಾಡಿಬಿಟ್ಟಿದ್ದ. ಒಂದು ದಿನ ರಜೆ ಹಾಕಬೇಕು. ಹೆಂಡತಿಯನ್ನು ಕರೆದುಕೊಂಡು, ತನ್ನದೇ ಬಸ್ಸಿನಲ್ಲಿ, ಕಿಟಕಿ ಪಕ್ಕದಲ್ಲಿ ಕೂತು ಹೋಗಬೇಕು.

ಬಸ್ಸಿನ ಮಾಲೀಕ ಕರಿಬಸವಯ್ಯನವರು ಮೂಲತಃ ಕೊಬ್ಬರಿ ವ್ಯಾಪಾರಿಗಳು. ಬಸ್ಸನ್ನು ಮಾವನ ಮನೆಯಿಂದ ಬಂದ ಹಸುವಿನ ಹಾಗೆ, ಬಂದದ್ದು ಬಂದಿದೆಯಲ್ಲ ಎಂದು ಸಾಕಿಕೊಂಡಿದ್ದರು. ಸಂಜೆ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ರಾಶಿಯ ಮುಂದೆ ಕೂತು, ಒಂದು ಕಿವಿಯನ್ನು ಫೋನಿಗೂ ಇನ್ನೊಂದನ್ನು ಲೋಕಕ್ಕೂ ಕೊಟ್ಟಿದ್ದರು.

"ಏನ್ಲಾ ಕುಮಾರ?"

"ರಜೆ ಬೇಕಿತ್ತು ಸಾವ್ಕಾರ್ರೇ."

"ಯಾಕೆ?"

ಮದುವೆ ಅಂದಿದ್ದರೆ ಆಗುತ್ತಿತ್ತು, ಸಾವು ಅಂದಿದ್ದರೂ ಆಗುತ್ತಿತ್ತು. ಆದರೆ ಕಣ್ತುಂಬ ಹೂವು ನೋಡಬೇಕು ಎಂದು, ಮೀಸೆ ಇರುವ ಗಂಡಸೊಬ್ಬ, ಮೂಟೆ ಹೊರುವ ನಾಲ್ಕು ಜನರ ಎದುರಿಗೆ ಹೇಳುವುದು ಹೇಗೆ? ಕುಮಾರಸ್ವಾಮಿ ಈ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಶುರುವೂ ಮಾಡಿದ. ಕೊನೆಯ ಪದ ಬರುವಷ್ಟರಲ್ಲಿ ನಾಚಿಕೆ ಬಂತು. ನೋಡಬೇಕು ಎಂಬುದನ್ನು ನುಂಗಿಕೊಂಡ.

"ಕಣ್ತುಂಬ ಹೂವು, ಸಾವ್ಕಾರ್ರೇ."

ಕರಿಬಸವಯ್ಯನವರು ಫೋನು ಕೆಳಗಿಟ್ಟರು. ಕಣ್ಣಿನ ಪಾಪೆಯ ಮೇಲೆ ಬಿಳಿ ಮಚ್ಚೆ ಕಟ್ಟಿ ದೃಷ್ಟಿ ಮುಚ್ಚುವುದನ್ನು ಈ ಕಡೆಯವರು ಕಣ್ಣಿಗೆ ಹೂವು ಬಿತ್ತು ಅನ್ನುತ್ತಾರೆ. ಅವರ ದೊಡ್ಡಪ್ಪನಿಗೆ ಒಂದು ಕಣ್ಣಿನಲ್ಲಿ ಹೂವಿತ್ತು. ಇವನು ಕಣ್ತುಂಬ ಅನ್ನುತ್ತಿದ್ದಾನೆ.

"ಯಾವಾಗಿಂದ್ಲಾ?"

"ಮಳೆ ಆಯ್ತಲ್ಲ, ಅದಾದ ಮೇಲೆ."

"ಒಂದು ಕಡೆನೋ, ಎರಡೂ ಕಡೆನೋ?"

ಕುಮಾರಸ್ವಾಮಿ ಬಿಕ್ಕೋಡಿನ ರಸ್ತೆಯನ್ನು ನೆನೆಸಿಕೊಂಡ. ಅವನ ಮುಖ ಮೃದುವಾಯಿತು.

"ಎರಡೂ ಕಡೆ. ಹಾಲು ಚೆಲ್ಲಿದಂಗೆ ಬೆಳ್ಳಗೆ. ಒಂಚೂರು ಹಸಿರು ಕಾಣಲ್ಲ."

"ಹಸಿರೂ ಕಾಣಲ್ವಾ? ಬಸ್ ಓಡಿಸುವಾಗ?"

"ಓಡಿಸುವಾಗ ಎಲ್ಲಿ ಕಾಣುತ್ತೆ ಸಾವ್ಕಾರ್ರೇ. ಅದೇ ನನ್ನ ಕೊರಗು. ಇಪ್ಪತ್ತು ವರ್ಷದಿಂದ ಏನೂ ಕಂಡಿಲ್ಲ. ಹಳೇಬೀಡು ಹೆಂಗಿದೆ ಅಂತ್ಲೇ ಗೊತ್ತಿಲ್ಲ. ಕಂಡಕ್ಟರ್ ಧರ್ಮೇಶ ಸೀಟಿ ಹೊಡೀತಾನೆ, ನಾನು ನಿಲ್ಲಿಸ್ತೀನಿ. ರೈಟ್ ಅಂತಾನೆ, ಹೊರಡ್ತೀನಿ."

ಇಪ್ಪತ್ತು ವರ್ಷ. ಕರಿಬಸವಯ್ಯನವರು ಆ ವರ್ಷಗಳಲ್ಲಿ ತಮ್ಮ ಬಸ್ಸು ದಾಟಿದ ಕೆರೆಗಳನ್ನೂ ಹೊಳೆಗಳನ್ನೂ ನೆನೆದು ಕಣ್ಣು ಮುಚ್ಚಿಕೊಂಡರು.

"ಇದನ್ನ ಇನ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ನಾಚಿಕೆ ಆಗುತ್ತೆ."

"ಬಸ್ಸಿನ ಕೀ ಕೊಡಪ್ಪ."

"ಒಂದು ದಿನ ಸಾಕಾಗಿತ್ತು ಸಾವ್ಕಾರ್ರೇ."

"ಒಂದು ದಿನದ್ದಲ್ಲ ಕಣಯ್ಯ ಇದು. ಯುಗಾದಿ ಕಳೀಲಿ. ನೀನು ಆರಾಮಾಗಿರು. ಮುಂದಿಂದು ನಾನು ನೋಡ್ಕೋತೀನಿ." ಅವರು ಎದ್ದು ಅವನ ತೋಳು ಹಿಡಿದರು. "ಮೆಟ್ಟಿಲಿದೆ, ಹುಷಾರು. ಇನ್ನೊಂದು ಇದೆ." ರಸ್ತೆಯವರೆಗೆ ಬಂದು ಆಟೋ ಹತ್ತಿಸಿ, ಮನೆಯ ಬಾಗಿಲಿಗೇ ಬಿಡಬೇಕು ಎಂದು ಆಟೋದವನಿಗೆ ತಾಕೀತು ಮಾಡಿದರು.

ಕುಮಾರಸ್ವಾಮಿ ಆಟೋದಲ್ಲಿ ಕೂತು ಬೆರಗಾಗಿದ್ದ. ಮಳೆ ಬಿದ್ದರೆ ಗಿಡಗಳಷ್ಟೇ ಅಲ್ಲ, ವ್ಯಾಪಾರಿಗಳೂ ಚಿಗುರುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಆಟೋ ನಿಲ್ಲಿಸಿ ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡ.

ಸುದ್ದಿ ಆಟೋಗಿಂತ ಮುಂಚೆ ಊರೆಲ್ಲ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ದಿನದ ಪ್ರಯಾಣಿಕರು ಸೇರಿ, ಕಣ್ಣು ಕಾಣದವನ ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿಯೂ ಬದುಕಿರುವ ತಮ್ಮನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜಾವಗಲ್ ಸಂತೆಗೆ ಸೊಪ್ಪು ಒಯ್ಯುವ ಮುತ್ತಮ್ಮನಿಗೆ ಮಾತ್ರ ದೊಡ್ಡ ಸಮಾಧಾನ.

"ನಾನು ಕೈ ಅಡ್ಡ ಇಕ್ಕುದ್ರೂ ನಿಲ್ಲಿಸ್ದೆ ಹೋಗ್ತಿದ್ದ. ಸೊಕ್ಕು ಅಂದ್ಕೊಂಡಿದ್ದೆ. ಪಾಪ, ಕಾಣ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು."

ಎಲ್ಲರೂ ಕಂಡಕ್ಟರ್ ಧರ್ಮೇಶನ ಕಡೆ ತಿರುಗಿದರು. ಧರ್ಮೇಶ ಮೊದಲು ಬೆಚ್ಚಿದ. ಆಮೇಲೆ ಸ್ವಲ್ಪ ಯೋಚಿಸಿದ. ಯೋಚನೆ ಮುಗಿಯುವ ಹೊತ್ತಿಗೆ ಅವನ ನಿಲುವೇ ಬದಲಾಗಿತ್ತು.

"ನನಗೆ ಅನುಮಾನ ಇತ್ತು. ಹೇಳಿದ್ರೆ ಕುಮಾರಣ್ಣನ ಹೊಟ್ಟೆಪಾಡು ಹೋಗುತ್ತೆ ಅಂತ ಸುಮ್ನಿದ್ದೆ. ನಾನು ಹಿಂದಿನಿಂದ ಸುಮ್ಸುಮ್ನೆ ರೈಟ್ ರೈಟ್ ಅಂತಿದ್ದೆ ಅಂದ್ಕೊಂಡ್ರಾ? ಅದನ್ನ ಕೇಳಿಸ್ಕೊಂಡೇ ಅಣ್ಣ ಸ್ಟೇರಿಂಗ್ ತಿರುಗಿಸ್ತಿದ್ದಿದ್ದು."

"ಎಡಕ್ಕೆ ತಿರುಗಬೇಕಾದ್ರೆ?" ಎಂದು ಯಾರೋ ಕೇಳಿದರು.

"ಅದಕ್ಕೆ ಸೀಟಿ ಬೇರೆ" ಅಂದ ಧರ್ಮೇಶ. ಆ ಸಂಜೆ ಅವನಿಗೆ ಮೂರು ಕಡೆ ಟೀ ಕುಡಿಸಿದರು.

ಕುಮಾರಸ್ವಾಮಿಯ ಮನೆಯಲ್ಲಿ ಪಕ್ಕದ ಮನೆಯ ಬಸಮ್ಮ ಆಗಲೇ ಬಂದು ಕೂತಿದ್ದರು. ಬೀದಿಯ ಎಲ್ಲ ಕಾಯಿಲೆಗಳಿಗೂ ಅವರೇ ಹಿರಿಯರು. ಪುಷ್ಪಲತಾ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಳಬೇಡ ಕಣೇ" ಅಂದರು ಬಸಮ್ಮ. "ಅವನ ಮುಂದೆ ಕಣ್ಣು ಅನ್ನೋ ಮಾತೇ ಎತ್ತಬೇಡ. ಗಂಡಸರು ಹೊರಗೆ ಗಟ್ಟಿ, ಒಳಗೆ ಕುಸಿದು ಹೋಗ್ತಾರೆ. ಏನೂ ಗೊತ್ತಿಲ್ದಂಗೆ ಇರು."

ಅಷ್ಟರಲ್ಲಿ ಕುಮಾರಸ್ವಾಮಿ ಮಲ್ಲಿಗೆ ಹಿಡಿದುಕೊಂಡು ಒಳಗೆ ಬಂದ.

"ಪುಷ್ಪಾ, ಸಾವ್ಕಾರ್ರು ಯುಗಾದಿವರೆಗೂ ರಜೆ ಕೊಟ್ಬಿಟ್ರು. ಇನ್ನು ನಾವಿಬ್ಬರೂ ಏನೇನಿದೆಯೋ ಎಲ್ಲಾ ಕಣ್ತುಂಬ ನೋಡ್ಬಿಡೋಣ. ಆಮೇಲೆ ಹೆಂಗೋ ಏನೋ ಯಾರಿಗೆ ಗೊತ್ತು."

ಪುಷ್ಪಲತಾ ಹೂವು ಇಸಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಇಪ್ಪತ್ತು ವರ್ಷದಲ್ಲಿ ತಾನು ಎಷ್ಟು ಸಲ ಹೂವು ತಂದಿದ್ದೆ ಎಂದು ಲೆಕ್ಕ ಹಾಕಿದರೆ ಅವಳು ಅಳುವುದು ನ್ಯಾಯವೇ ಎಂದು ಕುಮಾರಸ್ವಾಮಿಗೆ ಅನ್ನಿಸಿತು. ಅವನು ಬಾಗಿಲಲ್ಲಿ ನಿಂತು, ಮೆಲ್ಲಗೆ, "ಇನ್ಮೇಲೆ ದಿನಾ ತರ್ತೀನಿ ಕಣೇ" ಅಂದ. ಒಳಗಿನ ಅಳು ಜಾಸ್ತಿಯಾಯಿತು.

ಮರುದಿನ ಬೆಳಗ್ಗೆ ಬಸಮ್ಮ ನಂದಿಬಟ್ಟಲು ಹೂವಿನ ರಸ ಹಿಂಡಿ ತಂದರು. ಅದಕ್ಕೆ ಇನ್ನೂ ಎರಡು ಬಗೆಯ ಸೊಪ್ಪು ಸೇರಿಸಿದ್ದರು. ಯಾವುವು ಎಂದು ಇವತ್ತಿಗೂ ಹೇಳಿಲ್ಲ.

"ಬೇಸಿಗೆ ಕಣಪ್ಪ, ತಂಪಿಗೆ" ಎಂದು ಕುಮಾರಸ್ವಾಮಿಯ ಎರಡು ಕಣ್ಣಿಗೂ ಬಿಟ್ಟರು. ತಂಪು ಎಷ್ಟಿತ್ತೆಂದರೆ ಅವನು ಎದ್ದು ಬಾಗಿಲ ಕಡೆ ಹೋಗುತ್ತೇನೆಂದು ಹೋಗಿ ಗೋಡೆಗೆ ಡಿಕ್ಕಿ ಹೊಡೆದ. ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು.

"ಇವತ್ತು ಬಿಕ್ಕೋಡಿಗೆ ಹೋಗೋಣ" ಅಂದ ಕುಮಾರಸ್ವಾಮಿ, ಕಣ್ಣಿಗೆ ಟವೆಲ್ ಒತ್ತಿಕೊಂಡು. "ಹೂವು ಇರೋದೇ ನಾಲ್ಕು ದಿನ."

ಹೂವಿನ ಧೂಳು ಆ ಕಣ್ಣಿಗೆ ಬಿದ್ದರೆ ಗತಿಯೇನು ಎಂದು ಬಸಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ಪುಷ್ಪಲತಾಗೆ ಅರ್ಥವಾಯಿತು.

"ಇವತ್ತು ಬೇಡಿ. ಬಿಸಿಲು. ನಾಳೆ ಮೊದಲು ಮಾಲೇಕಲ್ಲಿಗೆ ಹೋಗಿ ಬರೋಣ. ನಾನೊಂದು ಹರಕೆ ಹೊತ್ತಿದ್ದೀನಿ."

"ಏನು ಹರಕೆ?"

"ಹೇಳಬಾರದು."

ಮಾಲೇಕಲ್ಲಿನ ತಿಮ್ಮಪ್ಪನ ಬೆಟ್ಟದ ಮೆಟ್ಟಿಲುಗಳನ್ನು ಪುಷ್ಪಲತಾ ತನ್ನ ನೋಯುವ ಮೊಣಕಾಲಿನಲ್ಲಿ, ಚಪ್ಪಲಿಯಿಲ್ಲದೆ, ಗಂಡನ ಕೈ ಬಿಡದೆ ಹತ್ತಿದಳು. ಒಂದೊಂದಕ್ಕೂ "ಮೆಟ್ಟಿಲು", "ಮೆಟ್ಟಿಲು" ಅನ್ನುತ್ತಿದ್ದಳು. ಇದು ಹರಕೆಯ ಮಂತ್ರವಿರಬೇಕೆಂದು ಕುಮಾರಸ್ವಾಮಿಯೂ ಭಕ್ತಿಯಿಂದ ದನಿಗೂಡಿಸಿದ. ಮದುವೆಯಾದಾಗಿನಿಂದ ಅವಳು ಹೀಗೆ ನಾಲ್ಕು ಜನರ ಎದುರಿಗೆ ಅವನ ಕೈ ಹಿಡಿದು ನಡೆದದ್ದಿಲ್ಲ. ಬಂಡೆಗಳ ಸಂದಿಯಿಂದ ಬಿಸಿ ಗಾಳಿ ಏಳುತ್ತಿತ್ತು. ಎಲ್ಲೋ ಕೋಗಿಲೆಯೊಂದು ಕೂಗುತ್ತಿತ್ತು, ಸ್ವಲ್ಪ ತಡೆದು ಇನ್ನೂ ಮೇಲಿನ ಸ್ವರದಲ್ಲಿ ಕೂಗುತ್ತಿತ್ತು, ಉತ್ತರ ಬಾರದಿದ್ದರೂ ಅದಕ್ಕೆ ಬೇಸರವಿರಲಿಲ್ಲ. ತುದಿಯಲ್ಲಿ ನಿಂತು ನೋಡಿದರೆ ಕೆಳಗೆ ತೆಂಗಿನ ತೋಟಗಳು, ಅದರಾಚೆ ಅರಸೀಕೆರೆ, ಊರಿನಿಂದ ಹೊರಟ ರೈಲೊಂದು ಅವಸರವಿಲ್ಲದೆ ಬಿಸಿಲಿನೊಳಗೆ ಕರಗಿಹೋಗುತ್ತಿತ್ತು.

ಬೇಲೂರಿನ ದಿಕ್ಕಿನಲ್ಲಿ ಒಂದು ಸಣ್ಣ ಮೋಡವಿತ್ತು.

"ಅಲ್ಲಿ ನೋಡು ಪುಷ್ಪಾ, ಬೆಳ್ಳಗೆ" ಅಂದ ಕುಮಾರಸ್ವಾಮಿ.

ಕಣ್ಣಲ್ಲಿ ನೀರು ತುಂಬಿದ್ದ ಪುಷ್ಪಲತಾಗೆ ಮೋಡ ಕಾಣಲಿಲ್ಲ. "ಎಲ್ಲೂ ಏನೂ ಬೆಳ್ಳಗಿಲ್ಲ ಕಣ್ರೀ" ಅಂದಳು.

"ನನಗೆ ಕಾಣ್ತಿದೆಯಲ್ಲ."

ಅವಳು ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಈ ನಡುವೆ ಕರಿಬಸವಯ್ಯನವರಿಗೆ ಬದಲಿ ಡ್ರೈವರ್ ಸಿಕ್ಕಿರಲಿಲ್ಲ. ಇನ್ನೊಬ್ಬರ ಕಣ್ಣನ್ನು ನಂಬುವ ಧೈರ್ಯವೂ ಉಳಿದಿರಲಿಲ್ಲ. ಹರೆಯದಲ್ಲಿ ಕೊಬ್ಬರಿ ಲಾರಿ ಓಡಿಸಿದ್ದವರು, ಲೈಸೆನ್ಸು ಇನ್ನೂ ಜೀವಂತವಾಗಿಟ್ಟುಕೊಂಡಿದ್ದವರು. ತಾವೇ ಪಂಚೆ ಎತ್ತಿಕಟ್ಟಿ ಬಸ್ಸು ಹತ್ತಿದರು. ಬೆಳಗಿನ ಬಸ್ಸು ಮಧ್ಯಾಹ್ನದ ಬಸ್ಸಾಯಿತು. ಹಿಂದಿನಿಂದ ಎತ್ತಿನಗಾಡಿಯವರು ದಾರಿ ಕೇಳುತ್ತಿದ್ದರು ಎಂದು ಮುತ್ತಮ್ಮ ಹೇಳಿದ್ದನ್ನು ಪೂರ್ತಿ ನಂಬಬೇಕಾಗಿಲ್ಲ.

ಬೆಟ್ಟದಿಂದ ಬಂದ ಮರುದಿನ ಅವರು ಬಸ್ಸನ್ನು ನೇರವಾಗಿ ಕುಮಾರಸ್ವಾಮಿಯ ಮನೆಯ ಮುಂದೆ ತಂದು ನಿಲ್ಲಿಸಿದರು. ಪುಷ್ಪಲತಾಗೆ ಮಾತ್ರ ಕೇಳಿಸುವಂತೆ, ಬೇಲೂರಿನ ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿದ್ದೇನೆ, ಇವನಿಗೆ ಹೇಳಬೇಡಮ್ಮ, ಹೆದರುತ್ತಾನೆ ಎಂದರು. ಕುಮಾರಸ್ವಾಮಿಗೆ, "ಬಾ ಕಣಯ್ಯ, ಬೇಲೂರ ಕಡೆ ಹೋಗಿ ಬರೋಣ" ಎಂದಷ್ಟೇ ಹೇಳಿದರು.

ಬೇಲೂರ ಕಡೆ ಅಂದರೆ ಬಿಕ್ಕೋಡೇ ಅಲ್ಲವೆ. ತನಗೆ ಹೂವು ತೋರಿಸಲು ಸಾವ್ಕಾರರು ತಾವೇ ಬಸ್ಸು ಓಡಿಸುತ್ತಿದ್ದಾರೆ ಎಂದುಕೊಂಡು ಕುಮಾರಸ್ವಾಮಿ ಬಸ್ಸಿನ ಮೆಟ್ಟಿಲಿಗೆ ಕೈಮುಗಿದು ಹತ್ತಿದ. ಅವನು ಒಳಗೆ ಬಂದ ಕೂಡಲೇ ಬಸ್ಸಿನಲ್ಲಿದ್ದ ಅಷ್ಟೂ ಜನ ಮಾತು ನಿಲ್ಲಿಸಿ, ಕಿಟಕಿ ಪಕ್ಕದ ಸೀಟು ಖಾಲಿ ಮಾಡಿಕೊಟ್ಟರು. ಧರ್ಮೇಶ ಅವನ ಭುಜ ಹಿಡಿದು ಕೂರಿಸಿ, ಎಲ್ಲರಿಗೂ ಕೇಳುವಂತೆ, "ನಾನಿದ್ದೀನಿ ಅಣ್ಣ" ಅಂದ.

ಬಸ್ಸು ಹೊರಟಿತು. ಕುಮಾರಸ್ವಾಮಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪಕ್ಕಕ್ಕೆ ನೋಡಿದ.

ಜಾವಗಲ್ ದಾಟಿದ ಮೇಲೆ ಹೊಂಗೆ ಮರಗಳು ಎಳೆಯ ಎಲೆ ಬಿಟ್ಟು, ಆ ಎಲೆಗಳ ತುಂಬ ಬಿಸಿಲು ಹೊತ್ತುಕೊಂಡು ನಿಂತಿದ್ದವು. ಅವುಗಳ ಹೂವು ಉದುರಿ ರಸ್ತೆಯ ಅಂಚೆಲ್ಲ ಅರಳು ಚೆಲ್ಲಿದಂತಿತ್ತು. ಇಷ್ಟು ವರ್ಷ ಇದರ ಮೇಲೆಯೇ ಟೈರು ಹತ್ತಿಸಿಕೊಂಡು ಹೋಗಿದ್ದೆನೇ ಎಂದು ಅವನಿಗೆ ಆಶ್ಚರ್ಯವಾಯಿತು. ಯಾರದೋ ಮನೆಯ ಮುಂದೆ ಹೆಂಗಸೊಬ್ಬಳು ಹಪ್ಪಳ ಒಣಗಿಹಾಕಿ, ಕಾಗೆ ಕಾಯುತ್ತ ಹಾಗೇ ತೂಕಡಿಸುತ್ತಿದ್ದಳು. ಹೊಲವೊಂದರ ಬದುವಿನಲ್ಲಿ ಮುತ್ತುಗದ ಮರ ಎಲೆಯೇ ಇಲ್ಲದೆ ಬರೀ ಕೆಂಪಾಗಿತ್ತು. ಕರಿಬಸವಯ್ಯನವರ ವೇಗದಲ್ಲಿ ಯಾವುದೂ ತಪ್ಪಿಹೋಗುವ ಭಯವಿರಲಿಲ್ಲ. ಒಂದು ಚಿಟ್ಟೆ ಬಹಳ ದೂರ ಕಿಟಕಿಯ ಜೊತೆಗೇ ಬಂತು.

ಹಳೇಬೀಡಿನಲ್ಲಿ ಕರಿಬಸವಯ್ಯನವರ ತೋಳು ಸೋತಿತು. ಬಸ್ಸು ನಿಲ್ಲಿಸಿ ನೆರಳಲ್ಲಿ ಟವೆಲ್ ಹಾಸಿ ಮಲಗಿಬಿಟ್ಟರು. ಕುಮಾರಸ್ವಾಮಿ ಹೆಂಡತಿಯ ಜೊತೆ ದೇವಸ್ಥಾನದ ಒಳಗೆ ಹೋದ. ಒಬ್ಬ ಗೈಡು ಹತ್ತಿರ ಬಂದ. ಧರ್ಮೇಶ ಅವನ ಕಿವಿಯಲ್ಲಿ ಏನೋ ಹೇಳಿದ. ಗೈಡನ ಮನಸ್ಸು ಕರಗಿತು.

"ಇಲ್ಲಿ ಆನೆಗಳಿವೆ ಸಾರ್. ಸಾಲಾಗಿ ಹೋಗ್ತಿವೆ. ಒಂದರ ತರ ಇನ್ನೊಂದಿಲ್ಲ. ಒಂದು ಮರಿ ಆನೆ ಹಿಂದೆ ಬಿದ್ದಿದೆ, ಓಡಿ ಬರ್ತಿದೆ. ಮೇಲೆ ಬಳ್ಳಿ. ಬಳ್ಳಿಯೊಳಗೆ ಯಾರೋ ಕೂತು ಮದ್ದಲೆ ಬಾರಿಸ್ತಿದ್ದಾನೆ."

ಕುಮಾರಸ್ವಾಮಿ ಕಣ್ಣರಳಿಸಿ ನೋಡುತ್ತಿದ್ದ. ಎದುರಿಗೇ ಕಾಣುತ್ತಿರುವುದನ್ನು ಇಷ್ಟು ಪ್ರೀತಿಯಿಂದ ಬಿಡಿಸಿ ಹೇಳುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಗೈಡು ದುಡ್ಡೂ ಮುಟ್ಟಲಿಲ್ಲ. ಹೊರಗೆ ಬಂದು ಕೆರೆಯ ಏರಿಯ ಮೇಲೆ ಕೂತು, ಉಪ್ಪು ಖಾರ ಹಚ್ಚಿದ ಎಳೆ ಮಾವಿನಕಾಯಿ ತಿಂದರು. ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಮಾವಿನಕಾಯಿಯ ಹುಳಿಗೆ ಪುಷ್ಪಲತಾ ಒಂದು ಕಣ್ಣು ಮುಚ್ಚಿದಳು. ಮುಖ ಕಿವುಚಿದಾಗ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಕುಮಾರಸ್ವಾಮಿಗೆ ಅವತ್ತು ಗೊತ್ತಾಯಿತು.

"ಲೋಕ ಎಷ್ಟು ಒಳ್ಳೇದಾಗ್ಬಿಟ್ಟಿದೆ ಅಲ್ವಾ ಪುಷ್ಪಾ, ಈ ಸಲ" ಅಂದ. "ಈ ಕಾಲದ ಗುಣವೇ ಇರಬೇಕು."

ಅವಳು ಅವನ ಪಾಲಿಗೆ ಇನ್ನೊಂದು ಹೋಳು ಇಟ್ಟಳು.

ಬೇಲೂರಿನಲ್ಲಿ ಬಸ್ಸು ಬಸ್‌ಸ್ಟ್ಯಾಂಡಿಗೆ ಹೋಗದೆ ಒಂದು ಬೀದಿಯೊಳಗೆ ನುಗ್ಗಿ, ದೊಡ್ಡ ಕಣ್ಣೊಂದನ್ನು ಬರೆದಿದ್ದ ಬೋರ್ಡಿನ ಮುಂದೆ ನಿಂತಿತು. ಕರಿಬಸವಯ್ಯನವರು ಇಳಿದು, ಕುಮಾರಸ್ವಾಮಿಯನ್ನು ಒಳಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿಕೊಂಡರು. ಬೆಂಚಿನ ತುಂಬ ಕಣ್ಣಿಗೆ ಹನಿ ಹಾಕಿಸಿಕೊಂಡ ವಯಸ್ಸಾದವರು ಕತ್ತು ಹಿಂದಕ್ಕೆ ಒರಗಿಸಿ ಕೂತಿದ್ದರು.

ಕುಮಾರಸ್ವಾಮಿಗೆ ಈಗ ಎಲ್ಲ ತಿಳಿಯಿತು. ಬಸ್ಸು ಯಾಕೆ ಅಷ್ಟು ನಿಧಾನ, ಹಂಪು ಇಲ್ಲದ ಕಡೆ ಯಾಕೆ ಬ್ರೇಕು, ಎಲ್ಲವೂ. ಅವನು ಸಾವ್ಕಾರರ ಕೈ ಹಿಡಿದುಕೊಂಡ.

"ಧೈರ್ಯವಾಗಿರಿ ಸಾವ್ಕಾರ್ರೇ."

"ನೀನು ಧೈರ್ಯವಾಗಿರು ಕಣಯ್ಯ. ನನ್ನ ಯೋಚನೆ ಬಿಡು."

"ಬಿಡೋದು ಹೆಂಗೆ. ಈ ವಯಸ್ಸಿಗೆ ಬರೋದೇ ಇದೆಲ್ಲ. ಈಗ ಆಪರೇಷನ್ ಸುಲಭ ಅಂತೆ."

ತನ್ನ ಕಷ್ಟದಲ್ಲೂ ಇವನು ನನಗೆ ಸಮಾಧಾನ ಹೇಳುತ್ತಿದ್ದಾನೆ ಎಂದು ಕರಿಬಸವಯ್ಯನವರ ಮೂಗು ಕೆಂಪಾಯಿತು. ಇಬ್ಬರೂ ಒಬ್ಬರ ಬೆನ್ನನ್ನು ಒಬ್ಬರು ಸವರುತ್ತ ಕೂತಿರುವಾಗ ಒಳಗಿನಿಂದ, "ಕುಮಾರಸ್ವಾಮಿ ಯಾರು?" ಎಂದು ದನಿ ಬಂತು.

ಡಾಕ್ಟರ್ ನಯನಾ ಮೂವತ್ತೈದರ ಆಸುಪಾಸಿನ, ದಪ್ಪ ಕನ್ನಡಕದ ಹೆಂಗಸು. ಕತ್ತಲೆ ಕೋಣೆಯಲ್ಲಿ ಕುಮಾರಸ್ವಾಮಿಯನ್ನು ಕೂರಿಸಿ, ಎದುರು ಗೋಡೆಯ ಅಕ್ಷರಗಳನ್ನು ಓದಿ ಅಂದರು. ಜೊತೆಯಲ್ಲಿ ಬಂದವರನ್ನೂ ನೋಡುವ ಪದ್ಧತಿ ಇರಬೇಕೆಂದು ಕುಮಾರಸ್ವಾಮಿ ಓದಿದ. ಕೆಳಗಿನ ಸಾಲನ್ನೂ ಓದಿದ. ಅದರ ಕೆಳಗಿನದನ್ನೂ ಓದಿದ.

"ತೀರಾ ಕೆಳಗೆ ಅಚ್ಚು ಹಾಕಿದವರ ವಿಳಾಸ ಇದೆ. ಅದನ್ನೂ ಓದ್ಲಾ ಮೇಡಂ?"

ಡಾಕ್ಟರು ಹೋಗಿ ಚಾರ್ಟಿನ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಅವನ ಕಣ್ಣಿಗೆ ಲೈಟು ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ, ಬಾಗಿಲು ತೆರೆದು ಹೊರಗಿನವರಿಗೆ ಹೇಳಿದರು.

"ಇವರ ಕಣ್ಣಲ್ಲಿ ಹೂವೂ ಇಲ್ಲ, ಮೊಗ್ಗೂ ಇಲ್ಲ. ಯಾವುದೋ ಸೊಪ್ಪಿನ ರಸ ಹಾಕಿ ಕೆಂಪು ಮಾಡಿದ್ದೀರಿ. ಮೊದಲು ಅದನ್ನ ನಿಲ್ಲಿಸಿ."

"ಕಣ್ಣಲ್ಲಿ ಹೂವಾ?" ಅಂದ ಕುಮಾರಸ್ವಾಮಿ. "ಯಾರಿಗೆ?"

ಆಮೇಲೆ ಆ ಬಾಗಿಲಲ್ಲಿ ನಡೆದ ವಿಚಾರಣೆಯನ್ನು ಬೆಂಚಿನವರೆಲ್ಲ ಕತ್ತು ಹಿಂದಕ್ಕೆ ಒರಗಿಸಿಕೊಂಡೇ ಕೇಳಿಸಿಕೊಂಡರು.

"ಇಪ್ಪತ್ತು ವರ್ಷದಿಂದ ಏನೂ ಕಂಡಿಲ್ಲ ಅಂದ್ಯಲ್ಲೋ" ಎಂದರು ಕರಿಬಸವಯ್ಯನವರು.

"ಪಕ್ಕಕ್ಕೆ ಸಾವ್ಕಾರ್ರೇ. ಮುಂದಕ್ಕೆ ಎಲ್ಲಾ ಕಂಡಿದೆ."

"ಕಣ್ತುಂಬ ಹೂವು ಅಂದೆ."

"ನೋಡಬೇಕು ಅಂತ ಇತ್ತು ಕೊನೇಲಿ. ನಾಚಿಕೆ ಆಯ್ತು, ಹೇಳಲಿಲ್ಲ."

ಬಾಗಿಲಿಗೆ ಬಂದಿದ್ದ ಧರ್ಮೇಶ ಯಾರ ಕಡೆಯೂ ನೋಡದೆ ಬಸ್ಸಿಗೆ ವಾಪಸು ಹೋದ. ಪುಷ್ಪಲತಾ ಬೆಂಚಿನ ತುದಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಎಲ್ಲರೂ ಹೆದರಿದರು. ಸೆರಗು ತೆಗೆದಾಗ ನೋಡಿದರೆ ಎರಡೂ ಒಟ್ಟಿಗೆ ನಡೆಯುತ್ತಿತ್ತು.

"ಕಣ್ಣಿಗಲ್ಲ ಡಾಕ್ಟ್ರೇ, ಇವರ ಬಾಯಿಗೆ ಏನಾದ್ರೂ ಔಷಧಿ ಕೊಡಿ" ಅಂದಳು. "ಒಂದು ಮಾತು ಪೂರ್ತಿ ಹೇಳಿದ್ರೆ ನಾನು ಈ ಕಾಲಿಟ್ಕೊಂಡು ಬೆಟ್ಟ ಹತ್ತಬೇಕಿತ್ತಾ? ನನ್ನ ಒಂದು ಕಣ್ಣು ಇವರಿಗೆ ಹಾಕೋಕೆ ಆಗುತ್ತಾ ಅಂತ ನಿಮ್ಮನ್ನ ಕೇಳಬೇಕು ಅಂತಿದ್ದೆ."

ಇದು ಯಾರಿಗೂ ಗೊತ್ತಿರಲಿಲ್ಲ. ಕುಮಾರಸ್ವಾಮಿಗೆ ಕಾಲದ ಗುಣ ಎಂದು ತಾನು ಅಂದುಕೊಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅವನು ಹೋಗಿ ಅವಳ ಪಕ್ಕ ಕೂತ.

ಕರಿಬಸವಯ್ಯನವರು ಜೇಬಿನಿಂದ ಕೀ ತೆಗೆದು ಅವನ ಕಡೆ ಚಾಚಿದರು.

"ತಗೋ ನಿನ್ನ ಬಸ್ಸು. ನನ್ನ ಸೊಂಟ ಮುರಿದು ಹೋಗಿದೆ. ಹತ್ತು, ಬಿಕ್ಕೋಡಿನೋರು ಕಾಯ್ತಾವ್ರೆ."

ಕುಮಾರಸ್ವಾಮಿ ಕೀ ನೋಡಿದ. ಹೊರಗೆ ತೋಟದ ಲೆಕ್ಕದವನು ಕಿಟಕಿಯಿಂದ ಯಾರಿಗೋ ಹೇಳುತ್ತಿದ್ದ, ಇವತ್ತೇ ಕೊನೆ, ನಾಳೆ ಹೊತ್ತಿಗೆ ಎಲ್ಲಾ ಕಂದು. ಕುಮಾರಸ್ವಾಮಿ ಎದ್ದು ನಿಂತು, ಸಾವ್ಕಾರರ ಎದುರಿಗೆ, ಜೀವನದಲ್ಲಿ ಮೊದಲ ಸಲ ಒಂದು ವಾಕ್ಯವನ್ನು ಬಾಲದ ಸಮೇತ ಹೇಳಿದ.

"ಇಲ್ಲ ಸಾವ್ಕಾರ್ರೇ. ಇವತ್ತು ನಾನು ಇವಳ ಜೊತೆ ಕೂತ್ಕೊಂಡು ಕಾಫಿ ಹೂವು ನೋಡಬೇಕು. ನಾಳೆಯಿಂದ ಓಡಿಸ್ತೀನಿ."

ಕರಿಬಸವಯ್ಯನವರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರ್ ನಯನಾ ಕೇಳಿದರು.

"ಇನ್ನೂ ಇದೆಯಾ ಹೂವು?"

"ಸಂಜೆವರೆಗೆ ಇರುತ್ತೆ ಮೇಡಂ."

"ನಾನು ಈ ಊರಿಗೆ ಬಂದು ಆರು ವರ್ಷ ಆಯ್ತು. ಬೆಳಗ್ಗೆ ಈ ಕತ್ತಲೆ ರೂಮು ಹೊಕ್ಕರೆ ಮುಗೀತು." ಅವರು ಬೆಂಚಿನ ಕಡೆ ನೋಡಿದರು. "ಇವರಿಗೆಲ್ಲ ಹನಿ ಹಾಕಿದ್ದೀನಿ. ಪಾಪೆ ಅರಳೋದಕ್ಕೆ ಹೇಗೂ ಕಾಯಬೇಕು. ಎಲ್ಲಿ ಕೂತು ಕಾದ್ರೇನು?"

ಹೀಗೆ ಆ ಮಧ್ಯಾಹ್ನ ಕರಿಬಸವಯ್ಯನವರೇ ಓಡಿಸುತ್ತಿದ್ದ ಬಸ್ಸು, ಕಣ್ಣು ಮಂಜಾದ ಒಂದು ಬೆಂಚು ಜನರನ್ನೂ, ಬಿಳಿ ಕೋಟಿನ ಡಾಕ್ಟರನ್ನೂ ಹತ್ತಿಸಿಕೊಂಡು ಬಿಕ್ಕೋಡಿನ ಕಡೆ ಹೊರಟಿತು. ಧರ್ಮೇಶ ಒಬ್ಬೊಬ್ಬರನ್ನೇ ಕೈ ಹಿಡಿದು ಹತ್ತಿಸಿದ. ಕುಮಾರಸ್ವಾಮಿ ಹೆಂಡತಿಗೆ ಕಿಟಕಿ ಪಕ್ಕ ಬಿಟ್ಟುಕೊಟ್ಟ. ಅವಳು ಬೇಡ ನೀವೇ ಕೂತ್ಕೊಳ್ಳಿ ಅಂದಳು. ಈ ಮರ್ಯಾದೆ ಮುಗಿಯುವಷ್ಟರಲ್ಲಿ ತೋಟ ಬಂತು.

ಎರಡೂ ಕಡೆ ಇಳಿಜಾರಿನ ಮೇಲೆ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಕೊಂಬೆಗೊಂದೊಂದು ಮಲ್ಲಿಗೆ ದಿಂಡು ಸುತ್ತಿದಂತೆ ಹೂವು. ಲೆಕ್ಕದವನು ಗೇಟು ತೆಗೆಸಿದ. ಬಸ್ಸಿನ ಇಂಜಿನ್ನು ನಿಂತ ಮೇಲೆ ಜೇನಿನ ಸದ್ದು ಕೇಳಿತು. ಇಡೀ ತೋಟವೇ ಮೆಲ್ಲಗೆ ಉಸಿರಾಡುವ ಹಾಗೆ. ಸಂತೆಗೆ ಇಳಿಯದೆ ಜಾವಗಲ್ ದಾಟಿ ಜೊತೆಗೇ ಬಂದಿದ್ದ ಮುತ್ತಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹಾಗೇ ನೆಲದ ಮೇಲೆ ಕೂತಳು. ಕರಿಬಸವಯ್ಯನವರು ಸೊಂಟ ಹಿಡಿದುಕೊಂಡು ಇಳಿದು, ಒಂದು ಗಿಡದ ಮುಂದೆ ನಿಂತು, ಮೂಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಮೂಸಿದರು. ಪುಷ್ಪಲತಾ ಸಾಲಿನ ಒಳಗೆ ನಡೆದು ಹೋದಳು. ಕುಮಾರಸ್ವಾಮಿ ಹಿಂದೆಯೇ ಹೋದ. ಸ್ವಲ್ಪ ಹೊತ್ತು ಇಬ್ಬರೂ ಕಾಣಲಿಲ್ಲ. ಅವಳ ನಗು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು.

ಹನಿ ಹಾಕಿಸಿಕೊಂಡವರನ್ನು ಗೇಟಿನ ಹತ್ತಿರದ ನೆರಳಿನಲ್ಲಿ ಕೂರಿಸಿದ್ದರು. ಅವರಲ್ಲಿ ಹುಚ್ಚಮ್ಮ ಎಂಬ ಮುದುಕಿ ತಲೆಯ ಮೇಲಿನ ಸೆರಗನ್ನು ಹಣೆಗೆ ಎಳೆದುಕೊಂಡು, ಅರಳಿದ ಪಾಪೆಗಳಿಂದ ಆ ಇಳಿಜಾರನ್ನೇ ನೋಡುತ್ತಿದ್ದಳು.

"ಮೋಡ ಇಳಿದು ಬಂದು ಕೂತೈತೆ ಕಣವ್ವ" ಅಂದಳು, ಪಕ್ಕದಲ್ಲಿದ್ದ ಡಾಕ್ಟರಿಗೆ. "ನಿಮಗೂ ಕಾಣ್ತೈತಾ?"

ಅದು ಮೋಡವಲ್ಲ, ಹೂವು, ಹನಿಯ ದೆಸೆಯಿಂದ ಹಾಗೆ ಕಾಣುತ್ತಿದೆ ಎಂದು ಹೇಳಲು ಡಾಕ್ಟರ್ ನಯನಾ ತಿರುಗಿದರು. ಮುದುಕಿಯ ಮುಖ ನೋಡಿದರು. ಆಮೇಲೆ ತಮ್ಮ ದಪ್ಪ ಕನ್ನಡಕವನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು, ಬರಿಗಣ್ಣಿನಲ್ಲಿ ಆ ಇಳಿಜಾರಿನ ಕಡೆ ನೋಡಿದರು.

"ಹೂಂ ಅಜ್ಜಿ" ಅಂದರು. "ಕಾಣ್ತಿದೆ."